ಚುಕ್ಕಿಗಳ ಲೆಕ್ಕ

1993ರ ಡಿಸೆಂಬರ್‌ನಲ್ಲಿ ಬಂದ 'ಡೂಮ್' ಆಟದ ಚಿತ್ರದಲ್ಲಿ ಇದ್ದದ್ದು ಒಟ್ಟು 64,000 ಪಿಕ್ಸೆಲ್. ಅಡ್ಡಕ್ಕೆ 320, ಮೇಲಿಂದ ಕೆಳಕ್ಕೆ 200. ಈಗ ನನ್ನ ಅಂಗಡಿಗೆ ಬರುವ ಹುಡುಗರು ಕೇಳುವ ಫೋರ್‌ಕೆ ಪರದೆಯಲ್ಲಿ 82,94,400. ಹೆಚ್ಚುಕಡಿಮೆ 130 ಪಟ್ಟು. ಪರದೆಯಲ್ಲಿ ಎಷ್ಟು ಚುಕ್ಕಿ ಇರಬೇಕೆಂದು ಆಟ ಬರೆಯುವವರೇ ನಿರ್ಧರಿಸುತ್ತಾರೆಂದು ಹಲವರು ತಿಳಿದಿದ್ದಾರೆ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಜೋಡಿಸುತ್ತಲೇ ತಲೆ ನರೆತ ನನ್ನನ್ನು ಕೇಳಿದರೆ, ಅದನ್ನು ನಿರ್ಧರಿಸಿದ್ದು ಬಹುಪಾಲು ಗ್ರಾಫಿಕ್ಸ್ ಕಾರ್ಡಿನ ಮೇಲಿದ್ದ ಮೆಮೊರಿ ಚಿಪ್ಪು.

1981ರಲ್ಲಿ ಐಬಿಎಂ ಪಿಸಿಯ ಜೊತೆ ಬಂದ ಸಿಜಿಎ ಕಾರ್ಡಿನಲ್ಲಿ 16 ಕೆಬಿ ಮೆಮೊರಿ ಇತ್ತು. 320×200 ಚಿತ್ರಕ್ಕೆ ನಾಲ್ಕೇ ಬಣ್ಣ ಕೊಟ್ಟರೆ 16,000 ಬೈಟ್ ಬೇಕು, ಸರಿಯಾಗಿ ಹಿಡಿಸಿತು. ಆ ಕಾಲದ ಎಷ್ಟೋ ಪಿಸಿ ಆಟಗಳು ಕಪ್ಪು, ಬಿಳಿ, ತಿಳಿನೀಲಿ, ಕಡುಗುಲಾಬಿಯಲ್ಲೇ ಕಾಣುತ್ತಿದ್ದುದಕ್ಕೆ ಇದೇ ಕಾರಣ. 1987ರಲ್ಲಿ ವಿಜಿಎ ಎಂಬ ಹೊಸ ಬಗೆ ಬಂತು. ಅದು 640×480 ಚಿತ್ರವನ್ನೂ ಕೊಡಬಲ್ಲದಾಗಿತ್ತು, ಆದರೆ 16 ಬಣ್ಣಗಳಲ್ಲಿ ಮಾತ್ರ. 320×200ಕ್ಕೆ ಇಳಿದರೆ 256 ಬಣ್ಣ. ಒಂದು ಪಿಕ್ಸೆಲ್‌ಗೆ ಒಂದು ಬೈಟ್, ಒಟ್ಟು 64,000 ಬೈಟ್. ಅಂದಿನ ಡಾಸ್ ಪ್ರೋಗ್ರಾಮುಗಳು ಮೆಮೊರಿಯನ್ನು 64 ಕೆಬಿಯ ತುಂಡುಗಳಾಗಿ ನೋಡುತ್ತಿದ್ದವು. ಇಡೀ ಪರದೆ ಒಂದೇ ತುಂಡಿನಲ್ಲಿ ಕೂತರೆ ಬರೆಯುವುದು ಸಲೀಸು, ವೇಗವೂ ಹೆಚ್ಚು. ಆಟ ಬರೆಯುವವರು ಎರಡನೆಯ ಮಾತಿಲ್ಲದೆ ಬಣ್ಣದ ಕಡೆ ಹೋದರು.

'ಡೂಮ್' ಅಲ್ಲಿಯೇ ಹುಟ್ಟಿತು. ನಿಧಾನದ 386 ಯಂತ್ರಗಳಿಗೆ ಅದೂ ಭಾರವೇ. ಅದಕ್ಕೆ ಎರಡು ಉಪಾಯ ಇಟ್ಟಿದ್ದರು. ಮೈನಸ್ ಕೀಲಿ ಒತ್ತಿದರೆ ಆಟದ ಕಿಟಕಿ ಕಿರಿದಾಗುತ್ತಿತ್ತು. ಎಫ್5 ಒತ್ತಿದರೆ ಯಂತ್ರ ಅಡ್ಡಕ್ಕೆ ಅರ್ಧದಷ್ಟೇ ಪಿಕ್ಸೆಲ್ ಬರೆದು, ಪ್ರತಿಯೊಂದನ್ನೂ ಪಕ್ಕದಲ್ಲಿ ಇನ್ನೊಮ್ಮೆ ಹಾಕಿ ಜಾಗ ತುಂಬುತ್ತಿತ್ತು. ಈ ಎಫ್5 ಉಪಾಯವನ್ನು ನೆನಪಿಡಿ.

1996ರಲ್ಲಿ ಅಮೆರಿಕದ ಸ್ಯಾನ್ ಹೋಸೆಯ ತ್ರೀಡಿಎಫ್‌ಎಕ್ಸ್ ಕಂಪನಿ ಆಟದ ಚಿತ್ರ ಬರೆಯಲೆಂದೇ ವೂಡೂ ಚಿಪ್ಪನ್ನು ತಂದಿತು. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಅಂಥದ್ದೊಂದು ಕಾರ್ಡನ್ನು ನಾನೂ ಜೋಡಿಸಿದ್ದೇನೆ. ಅದು ಒಂಟಿಯಾಗಿ ದುಡಿಯುವ ಕಾರ್ಡಲ್ಲ. ಮೊದಲೇ ಇದ್ದ ವಿಜಿಎ ಕಾರ್ಡಿನ ಬೆನ್ನಿನಿಂದ ಗಿಡ್ಡ ಕೇಬಲ್ಲೊಂದು ವೂಡೂ ಕಾರ್ಡಿಗೆ, ವೂಡೂದಿಂದ ಮತ್ತೊಂದು ಮಾನಿಟರಿಗೆ. ಆಟ ಶುರುವಾಗುವ ತನಕ ಅದು ಬಂದ ಚಿತ್ರವನ್ನು ಹಾಗೆಯೇ ಮುಂದೆ ದಾಟಿಸುತ್ತಿತ್ತು. ಆಟ ಶುರುವಾದೊಡನೆ ಕಾರ್ಡಿನ ರಿಲೇ 'ಟಕ್' ಎನ್ನುತ್ತಿತ್ತು, ಪರದೆ ಅರೆಕ್ಷಣ ಕಪ್ಪಾಗಿ, ಬಳಿಕ 640×480ರ ನುಣುಪಾದ ಗೋಡೆಗಳು ಎದುರಾಗುತ್ತಿದ್ದವು. 1997ರ ಜನವರಿಯಲ್ಲಿ 'ಕ್ವೇಕ್' ಆಟಕ್ಕೆ ಈ ಬಗೆಯ ಕಾರ್ಡುಗಳಿಗೆಂದೇ 'ಜಿಎಲ್‌ಕ್ವೇಕ್' ರೂಪ ಬಂದ ಮೇಲೆ ಅದರ ಮಹಿಮೆಯನ್ನು ಯಾರಿಗೂ ವಿವರಿಸಬೇಕಾಗಲಿಲ್ಲ.

640×480ಕ್ಕೇ ನಿಂತದ್ದೇಕೆ? ಮತ್ತದೇ ಮೆಮೊರಿ. ಕಾರ್ಡಿನ 4 ಎಂಬಿಯಲ್ಲಿ ಚಿತ್ರಕ್ಕೆ ಮೀಸಲು 2 ಎಂಬಿ. ತೋರುತ್ತಿರುವ ಚಿತ್ರ, ಬರೆಯುತ್ತಿರುವ ಚಿತ್ರ, ಯಾವ ವಸ್ತು ಮುಂದೆ ಯಾವುದು ಹಿಂದೆ ಎಂಬ ಲೆಕ್ಕ, ಮೂರೂ ಸೇರಿ 18,43,200 ಬೈಟ್. 800×600 ಬೇಕೆಂದರೆ 28,80,000, ಹಿಡಿಸದು. 1998ರ ವೂಡೂ2 ಚಿತ್ರಕ್ಕೆ 4 ಎಂಬಿ ಇಟ್ಟುಕೊಂಡು ಬಂದಾಗ 800×600 ಸಾಧ್ಯವಾಯಿತು. ಅಂಥ ಎರಡು ಕಾರ್ಡು ಹಾಕಿ, ಸಾಲು ಬಿಟ್ಟು ಸಾಲು ಹಂಚಿಕೊಟ್ಟರೆ 1024×768. 2000ದ ಕೊನೆಯ ಹೊತ್ತಿಗೆ ತ್ರೀಡಿಎಫ್‌ಎಕ್ಸ್‌ನ ಆಸ್ತಿ ಪ್ರತಿಸ್ಪರ್ಧಿ ಎನ್ವಿಡಿಯಾದ ಪಾಲಾಗುವುದೆಂದು ತೀರ್ಮಾನವಾಗಿತ್ತು.

ಅಲ್ಲಿಯವರೆಗೆ ಮೇಜಿನ ಮೇಲಿದ್ದುದು ದಪ್ಪ ಡಬ್ಬಿಯ ಸಿಆರ್‌ಟಿ ಮಾನಿಟರ್. ಅದಕ್ಕೆ ತನ್ನದೇ ಆದ ರೆಸಲ್ಯೂಷನ್ ಇರಲಿಲ್ಲ. 640 ಕೊಟ್ಟರೆ 640, 1024 ಕೊಟ್ಟರೆ 1024, ಯಾವುದನ್ನೂ ಮಸುಕಾಗಿಸದೆ ತೋರಿಸುತ್ತಿತ್ತು. ಕೌಂಟರ್ ಸ್ಟ್ರೈಕ್ ಆಡಲು ವಿದ್ಯಾನಗರದ ಗೇಮಿಂಗ್ ಸೆಂಟರಿಗೆ ಬರುತ್ತಿದ್ದ ಕಾಲೇಜು ಹುಡುಗರು ಕೂತ ಕೂಡಲೇ, "ಅಣ್ಣಾ, ರೆಸಲ್ಯೂಷನ್ ಇಳಸ್ರಿ, ಫ್ರೇಮ್ ಬೀಳಾಕತ್ತಾವ" ಅನ್ನುತ್ತಿದ್ದರು. ಇಳಿಸಿದರೂ ಚಿತ್ರ ಕೆಡುತ್ತಿರಲಿಲ್ಲ. ಎಲ್‌ಸಿಡಿ ಬಂದ ಮೇಲೆ ಆ ಸೌಕರ್ಯ ಹೋಯಿತು. ಅದರ ಪಿಕ್ಸೆಲ್‌ಗಳನ್ನು ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿರುತ್ತಾರೆ. 1280×1024ರ 17 ಇಂಚಿನ ಫಲಕಕ್ಕೆ 1024×768 ಕೊಟ್ಟರೆ ಅಕ್ಷರವೆಲ್ಲ ಕಲಸಿದಂತೆ ಕಾಣುತ್ತಿತ್ತು. ಮೊದಲು ಕಾರ್ಡಿಗೆ ತಕ್ಕಂತೆ ಮಾನಿಟರ್ ಹೊಂದಿಕೊಳ್ಳುತ್ತಿತ್ತು. ಆಮೇಲೆ ಮಾನಿಟರಿಗೆ ತಕ್ಕಂತೆ ಕಾರ್ಡು ದುಡಿಯಬೇಕಾಯಿತು. ಈ ಚರಿತ್ರೆಯಲ್ಲಿ ಗಿರಾಕಿಯ ಜೇಬಿಗೆ ಬಿದ್ದ ದೊಡ್ಡ ಪೆಟ್ಟು ಇದೇ.

1920×1080 ಆಯಿತು, 2560×1440 ಆಯಿತು, ಫೋರ್‌ಕೆಯೂ ಬಂತು. ಕಾರ್ಡುಗಳಿಗೆ ಏದುಸಿರು. 2018ರಲ್ಲಿ ಎನ್ವಿಡಿಯಾ ಡಿಎಲ್‌ಎಸ್‌ಎಸ್ ಎಂಬ ದಾರಿ ಹುಡುಕಿತು: ಆಟವನ್ನು ಚಿಕ್ಕದಾಗಿ ಬರೆದು, ತರಬೇತಾದ ನ್ಯೂರಲ್ ನೆಟ್‌ವರ್ಕ್‌ನಿಂದ ಹಿಗ್ಗಿಸುವುದು. 2021ರಲ್ಲಿ ಇನ್ನೊಂದು ಕಾರ್ಡ್ ಚಿಪ್ ಕಂಪನಿ ಎಎಂಡಿ ತನ್ನದೇ ರೀತಿಯಲ್ಲಿ ಎಫ್‌ಎಸ್‌ಆರ್ ತಂದಿತು. ಫೋರ್‌ಕೆ ಪರದೆಯಲ್ಲಿ ಡಿಎಲ್‌ಎಸ್‌ಎಸ್‌ನ 'ಪರ್ಫಾರ್ಮೆನ್ಸ್' ಆಯ್ಕೆ ಒತ್ತಿದರೆ ಕಾರ್ಡು ನಿಜಕ್ಕೂ ಬರೆಯುವುದು 1920×1080, ಅಂದರೆ ಕಾಲು ಭಾಗ. ಮಿಕ್ಕ ಮುಕ್ಕಾಲು ಊಹೆ. 'ಡೂಮ್' ಆಟದ ಎಫ್5 ಕೀಲಿಯೂ ಕಡಿಮೆ ಬರೆದು ಹೆಚ್ಚು ತೋರಿಸಿತ್ತು. ಈಗಿನ ಊಹೆ ಬಹಳ ಜಾಣತನದ್ದು, ವ್ಯತ್ಯಾಸ ಅಷ್ಟೇ.

ಹಾಗಾಗಿ ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಆಟ ಮಾರುವ ತಾಣ ಸ್ಟೀಮ್ ಆಡುವವರ ಯಂತ್ರಗಳ ಬಗ್ಗೆ ನಡೆಸುವ ಸಮೀಕ್ಷೆಯಲ್ಲಿ ಇಂದಿಗೂ ಮೊದಲ ಸ್ಥಾನ 1920×1080ರದ್ದು. ಮೊದಲು ಕಾರ್ಡು ಆರಿಸಿ, ಅದರ ಮೆಮೊರಿ ಎಷ್ಟೆಂದು ಕೇಳಿ, ಅದು ಯಾರ ಊಹೆಯ ನೆರವೂ ಇಲ್ಲದೆ ಬರೆಯಬಲ್ಲಷ್ಟು ಪಿಕ್ಸೆಲ್‌ನ ಮಾನಿಟರನ್ನೇ ಕೊಳ್ಳಿ.