ಒಂದು ಹಡಗಿನ ಹೆಸರಲ್ಲಿ ಮೀನು, ದೋಣಿ, ಬೇಟೆಗಾರ

ಡಚ್ ಭಾಷೆಯಲ್ಲಿ ಒಂದು ಉದ್ದನೆಯ ಪದವಿದೆ: ಟಾರ್ಪೆಡೊಬೋಟ್‌ಯಾಖರ್. ಅದು ಒಂದು ಬಗೆಯ ಯುದ್ಧನೌಕೆಯ ಹೆಸರು. ಬಾಯಿಗೆ ಕಷ್ಟ, ಆದರೆ ಶಾಲೆಯಲ್ಲಿ ನಾವು ಸಮಾಸ ಬಿಡಿಸಿದ ಹಾಗೆ ಬಿಡಿಸಿದರೆ ಸುಲಭ. ಬೋಟ್ ಅಂದರೆ ದೋಣಿ, ಯಾಖರ್ ಅಂದರೆ ಬೇಟೆಗಾರ. ಒಟ್ಟಿಗೆ, ಟಾರ್ಪೆಡೊ ದೋಣಿಗಳ ಬೇಟೆಗಾರ. ನಮ್ಮ ತತ್ಪುರುಷ ಸಮಾಸದಂತೆ ಇಲ್ಲೂ ಕೊನೆಯ ಪದದ್ದೇ ಯಜಮಾನಿಕೆ.

ಹಾಗಾದರೆ ಟಾರ್ಪೆಡೊ? ಅದು ಮೂಲದಲ್ಲಿ ಮೀನು. ಮುಟ್ಟಿದರೆ ಕರೆಂಟ್ ಹೊಡೆದಂತೆ ಜೋಮು ಹಿಡಿಸುವ ಕಡಲ ಮೀನಿಗೆ ರೋಮನ್ನರು ಇಟ್ಟ ಹೆಸರು. 1800ರ ನಂತರದ ವರ್ಷಗಳಲ್ಲಿ ಅಮೆರಿಕದ ರಾಬರ್ಟ್ ಫುಲ್ಟನ್ ನೀರೊಳಗಿನ ಸಿಡಿಮದ್ದಿಗೆ ಅದೇ ಹೆಸರು ಬಳಸಿದ. 1866ರಲ್ಲಿ ಇಂಗ್ಲಿಷ್ ಎಂಜಿನಿಯರ್ ರಾಬರ್ಟ್ ವೈಟ್‌ಹೆಡ್, ನೀರಿನಡಿ ತಾನೇ ಓಡುವ ಟಾರ್ಪೆಡೊ ಮಾಡಿ ತೋರಿಸಿದ.

ಅಲ್ಲಿಂದ ದೊಡ್ಡ ಹಡಗುಗಳಿಗೆ ನಿದ್ದೆಯಿಲ್ಲ. ಪುಟ್ಟ ದೋಣಿಯೊಂದು ಕತ್ತಲಲ್ಲಿ ಬಂದು ಟಾರ್ಪೆಡೊ ಬಿಟ್ಟರೆ ಕೋಟೆಯಂಥ ಹಡಗೂ ಮುಳುಗಬಹುದು. ಆ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಲು ವೇಗದ ನೌಕೆಗಳು ಬಂದವು. 1893ರಲ್ಲಿ ಬ್ರಿಟನ್ ನೀರಿಗಿಳಿಸಿದ ‘ಹ್ಯಾವಕ್’ ಅಂಥದ್ದು. ಇಂಗ್ಲಿಷರು ಅದನ್ನು ‘ಟಾರ್ಪೆಡೊ ಬೋಟ್ ಡೆಸ್ಟ್ರಾಯರ್’ ಎಂದರು. ಬರಬರುತ್ತಾ ಡೆಸ್ಟ್ರಾಯರ್ ಮಾತ್ರ ಉಳಿಯಿತು. ಡಚ್ಚರೂ ಹೆಸರನ್ನು ಮೊಟಕು ಮಾಡಿ ಯಾಖರ್ ಎಂದರು. ಒಬ್ಬರ ಬಾಯಲ್ಲಿ ನಾಶ ಉಳಿಯಿತು, ಇನ್ನೊಬ್ಬರ ಬಾಯಲ್ಲಿ ಬೇಟೆ.

ಬೇಟೆಗೆ ಡಚ್ಚರು ಯಾಖ್ಟ್ ಅನ್ನುತ್ತಾರೆ. ವೇಗವಾಗಿ ಓಡುವ ಹಾಯಿ ಹಡಗು ಹಿಂದೆ ‘ಯಾಖ್ಟ್‌ಸ್ಖಿಪ್’, ಅಂದರೆ ಬೇಟೆ ಹಡಗು. 1660ರಲ್ಲಿ ಡಚ್ಚರು ಅಂಥದ್ದೊಂದನ್ನು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಉಡುಗೊರೆ ಕೊಟ್ಟರು. ಇಂದು ಶ್ರೀಮಂತರು ವಿಹಾರಕ್ಕೆ ಇಟ್ಟುಕೊಳ್ಳುವ ‘ಯಾಟ್’ ಇದೇ ಪದ.

ಆದರೆ ಹೆಸರು ಹಡಗನ್ನು ಕಾಯುವುದಿಲ್ಲ. 1942ರ ಫೆಬ್ರುವರಿ 27ರಂದು ಜಾವಾ ಸಮುದ್ರದ ಕಾಳಗದಲ್ಲಿ ಡಚ್ ಯಾಖರ್ ‘ಕೊರ್ಟೆನಾರ್’ಗೆ ಟಾರ್ಪೆಡೊ ಬಡಿದು ಹಡಗು ಎರಡು ತುಂಡಾಯಿತು. ಅದನ್ನು ಬಿಟ್ಟದ್ದು ಪುಟ್ಟ ದೋಣಿಯಲ್ಲ, ದೂರದಲ್ಲಿದ್ದ ಜಪಾನಿನ ದೊಡ್ಡ ಯುದ್ಧನೌಕೆ. ಅದೇ ರಾತ್ರಿ ಡಚ್ ನೌಕಾಧಿಕಾರಿ ಕಾರೆಲ್ ಡೋರ್‌ಮನ್ ಇದ್ದ ‘ಡಿ ರೌಟರ್’ ಕೂಡ ಟಾರ್ಪೆಡೊಗೇ ಬಲಿಯಾಯಿತು. ಡೋರ್‌ಮನ್ ಹಡಗಿನೊಂದಿಗೇ ಹೋದರು.

ಹೆಸರಿಟ್ಟ ಕಾಲದ ಭಯ ಬೇರೆ, ಬಂದೆರಗಿದ ಸಾವು ಬೇರೆ. ಡಚ್ಚರು ಬೇಟೆಗಾರ ಅನ್ನುವ ಪದವನ್ನಂತೂ ಬಿಟ್ಟಿಲ್ಲ. ಕಡಲಲ್ಲಿ ಹುದುಗಿಸಿಟ್ಟ ಸ್ಫೋಟಕ ಮೈನ್‌ಗಳನ್ನು ಹುಡುಕಿ ತೆಗೆಯುವ ಹಡಗಿಗೆ ಅವರು ಇಟ್ಟ ಹೆಸರು ‘ಮೈನೆನ್‌ಯಾಖರ್’. ಈಗ ನೀವೇ ಬಿಡಿಸಬಲ್ಲಿರಿ.