ಅಂಜದೀವಕ್ಕೆ ಬಂದ ಆಗಂತುಕ

ಕಾರವಾರದ ತೆಂಕಣಕ್ಕೆ, ಬಿಣಗಾ ಅರಗಾ ಗ್ರಾಮಗಳ ಎದುರಿನ ಕಡಲಿನಲ್ಲಿ, ಆಡಳಿತಕ್ಕೆ ಗೋವೆಗೆ ಸೇರಿದ್ದರೂ ನೋಟಕ್ಕೆ ನಮ್ಮ ಕರಾವಳಿಯ ತುಣುಕೇ ಆಗಿರುವ ಅಂಜದೀವವೆಂಬ ಕಿರುದ್ವೀಪವುಂಟು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮನು ಸಿಹಿನೀರಿಗಾಗಿಯೂ ಹಡಗುಗಳ ದುರಸ್ತಿಗಾಗಿಯೂ ಅಲ್ಲಿ ಲಂಗರು ಹಾಕಿದ್ದಾಗ, ಗೋವೆಯ ಅಧಿಪತಿಯ ಸೇವೆಯಲ್ಲಿದ್ದ ಯಹೂದ್ಯನೊಬ್ಬನು ಸ್ನೇಹದ ಮಾತುಗಳನ್ನಾಡುತ್ತ ಹಡಗಿನವರ ಬಳಿಗೆ ಬಂದನು. ಸಂಶಯಗೊಂಡ ಪೋರ್ತುಗೀಸರು ಅವನನ್ನು ಹಿಡಿದು ಹೊಡೆಯಲು, ಹಡಗುಗಳ ಬಲಾಬಲವನ್ನು ಅರಿತು ಬರುವುದಕ್ಕಾಗಿ ತನ್ನನ್ನು ಕಳುಹಿಸಲಾಗಿದೆಯೆಂದು ಅವನು ಒಪ್ಪಿಕೊಂಡನೆಂದು ಆ ಯಾತ್ರೆಯ ವೃತ್ತಾಂತ ಹೇಳುತ್ತದೆ. ಹಿಂಸೆಗೆ ಸಿಕ್ಕಿದವನ ಬಾಯಿಂದ ಹೊರಟ ಮಾತಿಗೆ ಎಷ್ಟು ಬೆಲೆಯೆಂಬುದು ವಿಚಾರಾರ್ಹವೇ ಸರಿ. ಆದರೆ ನಿಂತ ಹಡಗನ್ನು ಎಣಿಸಿ ನೋಡುವುದೇ ಯುದ್ಧದ ಮೊದಲ ಹೆಜ್ಜೆಯೆಂಬುದನ್ನು ಎರಡು ಪಕ್ಷದವರೂ ಬಲ್ಲವರಾಗಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆ ಆಗಂತುಕನನ್ನು ಪೋರ್ತುಗಲ್ಲಿಗೆ ಒಯ್ದು, ಮತಾಂತರಗೊಳಿಸಿ, ಗಾಸ್ಪರ್ ಡ ಗಾಮನೆಂದು ಹೆಸರಿಟ್ಟರು.

ಅಂದು ನೋಡಲು ಬಯಸಿದವನು ತನ್ನ ದೇಹವನ್ನೇ ಒತ್ತೆಯಿಟ್ಟು ನೋಡಬೇಕಾಗಿತ್ತು. ನೋಟವನ್ನು ದೇಹದಿಂದ ಬಿಡಿಸಿ ಮೇಲಕ್ಕೇರಿಸುವ ಪ್ರಯತ್ನ ಅಲ್ಲಿಂದ ಮುಂದೆ ಸುಮಾರು ಮೂರು ಶತಮಾನಗಳ ಬಳಿಕ ಫಲಿಸಿತು. 1794ರ ಫ್ಲೂರಸ್ ಕದನದಲ್ಲಿ ಫ್ರೆಂಚರು ಬಲೂನನ್ನೇರಿ ಶತ್ರುಸೈನ್ಯದ ಚಲನವಲನಗಳನ್ನು ವೀಕ್ಷಿಸಿದರು. 1858ರಲ್ಲಿ ನಾದಾರನೆಂಬ ಛಾಯಾಗ್ರಾಹಕನು ಬಲೂನಿನಿಂದಲೇ ಚಿತ್ರ ತೆಗೆದನು. ಜರ್ಮನಿಯ ಔಷಧವ್ಯಾಪಾರಿ ನ್ಯೂಬ್ರಾನರನು ಪಾರಿವಾಳಗಳ ಎದೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಹಾರಿಸಿದನು. 1915ರ ಮಾರ್ಚಿನ ನವ್ ಶಾಪೆಲ್ ಕದನಕ್ಕೆ ಮುನ್ನ ಬ್ರಿಟಿಷರು ವಿಮಾನದಿಂದ ತೆಗೆದ ಚಿತ್ರಗಳನ್ನು ಆಧರಿಸಿ ಜರ್ಮನರ ಕಂದಕಗಳ ನಕ್ಷೆಯನ್ನು ರಚಿಸಿಕೊಂಡಿದ್ದರು. ಮೇಲಿನಿಂದ ತೆಗೆದ ಚಿತ್ರದ ಶಕ್ತಿ ಇದೇ: ನೆರಳಿನ ಉದ್ದದಿಂದ ಕಟ್ಟಡದ ಎತ್ತರವನ್ನೂ, ಸವೆದ ಹಾದಿಯಿಂದ ಜನರ ಓಡಾಟವನ್ನೂ, ನಿನ್ನೆಯ ಚಿತ್ರವನ್ನು ಇಂದಿನದರ ಪಕ್ಕದಲ್ಲಿಟ್ಟು ಯಾವ ಹಡಗು ಯಾವಾಗ ಬಂದರನ್ನು ಬಿಟ್ಟಿತೆಂಬುದನ್ನೂ ಬಲ್ಲವನು ಓದಿ ತೆಗೆಯಬಲ್ಲನು.

ಇಂಥ ನೋಟಕ್ಕೆ ಕಾನೂನಿನ ಕಡಿವಾಣವೂ ಬಂತು. ಭಾರತದಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯಿದೆಯು ‘ನಿಷಿದ್ಧ ಸ್ಥಳ’ವೆಂಬ ಪದಕ್ಕೆ ಅರ್ಥವನ್ನು ನಿರ್ಣಯಿಸಿ, ರಾಷ್ಟ್ರದ ಹಿತಕ್ಕೆ ಬಾಧಕವಾದ ಉದ್ದೇಶದಿಂದ ಅಂಥ ಸ್ಥಳವನ್ನು ಸಮೀಪಿಸುವುದನ್ನೂ, ಪರಿಶೀಲಿಸುವುದನ್ನೂ, ಅದರ ಮೇಲೆ ಹಾದುಹೋಗುವುದನ್ನೂ ಅಪರಾಧವೆಂದಿತು. ವಿಮಾನಯಾನವಿನ್ನೂ ಶೈಶವದಲ್ಲಿದ್ದಾಗಲೇ ‘ಮೇಲೆ ಹಾದುಹೋಗುವುದು’ ಎಂಬ ಮಾತನ್ನು ಬರೆದವರ ದೂರದೃಷ್ಟಿ ಶ್ಲಾಘ್ಯವಾದುದು. ಆರೋಪಿಯ ಉದ್ದೇಶವನ್ನು ಅವನ ನಡತೆಯಿಂದಲೂ ಸಂದರ್ಭದಿಂದಲೂ ಊಹಿಸಿ ತೀರ್ಮಾನಿಸಲು ಆ ಕಾಯಿದೆಯಲ್ಲಿ ಅವಕಾಶವಿರುವುದನ್ನು ವಿಹಾರಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಅಂಜದೀವದ ಇತಿಹಾಸಕ್ಕೆ ಮರಳೋಣ. 1961ರ ನವೆಂಬರ್ 17ರಂದು ಅಲ್ಲಿಯ ಪೋರ್ತುಗೀಸ್ ಪಹರೆಯವರು ಸಾಬರಮತಿಯೆಂಬ ಭಾರತೀಯ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿಸಿದರು. ಮರುತಿಂಗಳು ನಮ್ಮ ನೌಕಾಪಡೆ ಪ್ರಾಣತ್ಯಾಗದ ಬೆಲೆ ತೆತ್ತು ದ್ವೀಪವನ್ನು ವಶಪಡಿಸಿಕೊಂಡಿತು. 1986ರಲ್ಲಿ ಇಲ್ಲಿ ಸೀಬರ್ಡ್ ಎಂಬ ನೌಕಾನೆಲೆಯ ಯೋಜನೆಗೆ ಶಿಲಾನ್ಯಾಸವಾಗಿ, ಅನೇಕ ಗ್ರಾಮಗಳವರು ಮನೆಮಠಗಳನ್ನು ಬಿಟ್ಟೇಳಬೇಕಾಗಿ ಬಂದು, 2005ರ ಮೇ 31ರಂದು ಐ.ಎನ್.ಎಸ್. ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಆಗಂತುಕನು ಹಡಗುಗಳನ್ನು ನೋಡಲು ಬಂದಿದ್ದ ಅದೇ ನೀರಿನಲ್ಲಿ ಈಗ ವಿಕ್ರಮಾದಿತ್ಯವೆಂಬ ವಿಮಾನವಾಹಕ ಯುದ್ಧನೌಕೆ ಬಂದು ನಿಲ್ಲುತ್ತದೆ.

ಇಂಥ ನೆಲೆಗಳಿಗೆ ಅಪಾಯ ಈಗ ಆಕಾಶದಿಂದಲೂ ಬರಬಲ್ಲದು. 2021ರ ಜೂನ್ 27ರ ನಸುಕಿನಲ್ಲಿ ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನುಗಳು ಸ್ಫೋಟಕಗಳನ್ನು ಬೀಳಿಸಿದ ಮೇಲೆ, ಡ್ರೋನೆಂದರೆ ಹಾರುವ ಆಟಿಕೆಯೆಂಬ ಭಾವನೆಗೆ ಅವಕಾಶವೇ ಉಳಿಯಲಿಲ್ಲ. ಮುಂದಿನ ತಿಂಗಳಿನಲ್ಲಿಯೇ ನೌಕಾಪಡೆಯು ತನ್ನ ನೆಲೆಗಳ ಸುತ್ತ 3 ಕಿಲೋಮೀಟರ್ ಒಳಗೆ ಡ್ರೋನ್ ಹಾರಾಟವನ್ನು ನಿಷೇಧಿಸುವ ಪ್ರಕಟಣೆಗಳನ್ನು ಹೊರಡಿಸಿತು. ಅದೇ ವರ್ಷದ ಆಗಸ್ಟ್ 25ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದುವು. 250 ಗ್ರಾಮಿಗೆ ಮೀರದ ಯಂತ್ರಕ್ಕೆ ಚಾಲಕನ ಪ್ರಮಾಣಪತ್ರ ಬೇಡವೆಂಬುದು ನಿಜವಾದರೂ, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅದನ್ನೂ ಹಾರಿಸಕೂಡದು.

ದುರುದ್ದೇಶವಿಲ್ಲದವನಿಗೆ ಭಯವೇಕೆಂದು ಕೇಳುವವರುಂಟು. ಚಿತ್ರದುರ್ಗದ ಐತಿಹ್ಯವನ್ನು ಅವರು ನೆನೆಯಲಿ. ಹೈದರನ ಸೈನಿಕರಿಗೆ ಕೋಟೆಯ ಕಿಂಡಿ ತಿಳಿದುದು ದ್ರೋಹಿಯಿಂದಲ್ಲವಂತೆ. ಮೊಸರು ಮಾರಲು ಆ ಕಿಂಡಿಯಲ್ಲಿ ನುಸುಳುತ್ತಿದ್ದ ಹೆಂಗಸೊಬ್ಬಳನ್ನು ಕಂಡು ಅವರು ದಾರಿಯನ್ನರಿತರಂತೆ. ಓಬವ್ವನ ಒನಕೆಯನ್ನು ಕೊಂಡಾಡುವ ನಾವು ಆ ಮೊಸರಿನವಳನ್ನು ಮರೆತುಬಿಟ್ಟಿದ್ದೇವೆ. ಕಡಲತೀರದ ಸಂಜೆಯನ್ನು ಸೆರೆಹಿಡಿಯಲೆಂದು ಯಂತ್ರವನ್ನೇರಿಸುವ ತರುಣನ ಸ್ಥಿತಿಯೂ ಹೀಗೆಯೇ. ಅವನು ಸೂರ್ಯಾಸ್ತವನ್ನು ನೋಡುತ್ತಿರುವಾಗ ಕ್ಯಾಮೆರಾ ಹಡಗುಕಟ್ಟೆಯನ್ನೂ ನೋಡಿರುತ್ತದೆ. ಚಿತ್ರದೊಳಗೆ ಅಕ್ಷಾಂಶ ರೇಖಾಂಶಗಳು, ದಿನ, ಗಳಿಗೆ ದಾಖಲಾಗಿರುತ್ತವೆ. ಸ್ನೇಹಿತರಿಗೆಂದು ಹಂಚಿದುದು ಯಾರ ಕೈ ಸೇರುವುದೋ ಬಲ್ಲವರಿಲ್ಲ. ಇತ್ತ, ಕೆಳಗೆ ಕಾವಲಿರುವ ಸೈನಿಕನಿಗೆ ಮೇಲೆ ಗುಂಯ್ಗುಡುವುದು ಕ್ಯಾಮೆರಾವೋ ಸ್ಫೋಟಕವೋ ಎಂದು ವಿವೇಚಿಸಲು ಕ್ಷಣಗಳಷ್ಟೇ ದೊರೆಯುತ್ತವೆ.

ಕಾರವಾರಕ್ಕೆ ಹೋಗುವ ತರುಣ ಮಿತ್ರರೇ, ಯಂತ್ರವನ್ನು ಪೆಟ್ಟಿಗೆಯಿಂದ ತೆಗೆಯುವ ಮುನ್ನ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನೀವು ನಿಂತ ನೆಲದ ಬಣ್ಣವನ್ನು ನೋಡಿಕೊಳ್ಳಿ. ಅದು ಕೆಂಪಾಗಿದ್ದರೆ ಪೆಟ್ಟಿಗೆಯನ್ನು ತೆರೆಯಲೇಬೇಡಿ.