ಲಿನಕ್ಸ್ ಡಿಸ್ಕ್‌ನ ಪಾಸ್‌ವರ್ಡ್ ಮರೆತರೆ ಏನು ಮಾಡಬಹುದು, ಏನು ಆಗೋದಿಲ್ಲ?

ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲಿ ಹಕ್ಕಿನ ಹೋರಾಟ ಅಂದ್ರೆ ಕಾಗದಪತ್ರದ ಹೋರಾಟವೂ ಹೌದು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿದ್ದು 2006ರ ಅರಣ್ಯ ಹಕ್ಕು ಕಾಯ್ದೆಯಡಿ. ಗ್ರಾಮಸಭೆಯ ನಿರ್ಣಯ, ನಕ್ಷೆ, ಹಿರಿಯರ ಹೇಳಿಕೆ ಎಲ್ಲವೂ ಅಲ್ಲಿ ಮುಖ್ಯ. ಇಂಥ ದಾಖಲೆಗಳಿರುವ ಲ್ಯಾಪ್‌ಟಾಪ್‌ಗೆ ಬೀಗ ಹಾಕೋದು ಸರಿಯೇ. ಆದರೆ ಕೀಲಿ ಕಳೆದರೆ?

ಬೀಗ ಹೇಗೆ ಕೆಲಸ ಮಾಡುತ್ತೆ?
ಲಿನಕ್ಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್‌ಗೆ ಸಾಮಾನ್ಯವಾಗಿ ಬಳಸೋದು 'ಲಕ್ಸ್'. ಮಾಹಿತಿಯನ್ನು ಮುಚ್ಚಿಡುವುದು ಒಂದು ಮೂಲ ಕೀ. ಆ ಕೀಯನ್ನು ಕಾಯುವುದು ನಿಮ್ಮ ಪಾಸ್‌ವರ್ಡ್. ಇದರ ವಿವರವೆಲ್ಲ ಡಿಸ್ಕ್‌ನ ಆರಂಭದ 'ಹೆಡರ್'ನಲ್ಲಿ ಇರುತ್ತೆ. ಲಕ್ಸ್‌ನ ಮೊದಲ ಆವೃತ್ತಿಯಲ್ಲಿ 8, ಎರಡನೆಯದರಲ್ಲಿ 32ರವರೆಗೆ ಪಾಸ್‌ವರ್ಡ್ ಇಡಬಹುದು.

ಮೊದಲು ಏನು ನೋಡಬೇಕು?
ಕೀಬೋರ್ಡ್ ನೋಡಿ. ಕ್ಯಾಪ್ಸ್ ಲಾಕ್ ಆನ್ ಆಗಿದೆಯಾ? ಕನ್ನಡ ಲೇಔಟ್‌ನಲ್ಲಿ ಇಟ್ಟ ಪಾಸ್‌ವರ್ಡನ್ನು ಇಂಗ್ಲಿಷ್ ಲೇಔಟ್‌ನಲ್ಲಿ ಒತ್ತಿದರೆ ಅಕ್ಷರಗಳೇ ಬೇರೆ. ಜೊತೆಗೆ, ಲಾಗಿನ್ ಪಾಸ್‌ವರ್ಡ್ ಬೇರೆ, ಡಿಸ್ಕ್ ಪಾಸ್‌ವರ್ಡ್ ಬೇರೆ. ಲಾಗಿನ್‌ನದ್ದನ್ನು ರಿಕವರಿ ಮೋಡ್‌ನಲ್ಲಿ ಬದಲಿಸಬಹುದು. ಅದರಿಂದ ಡಿಸ್ಕ್ ತೆರೆಯೋಲ್ಲ.

ಡಿಸ್ಕ್ ಇನ್ನೂ ತೆರೆದೇ ಇದ್ದರೆ?
ಲ್ಯಾಪ್‌ಟಾಪ್ ಆಫ್ ಮಾಡಬೇಡಿ, ರೀಸ್ಟಾರ್ಟ್ ಮಾಡಬೇಡಿ. ಮೊದಲು ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ.

ಪಾಸ್‌ವರ್ಡ್ ಸರಿ ಇದ್ದೂ ತೆರೆಯದಿದ್ದರೆ?
ಹೆಡರ್ ಕೆಟ್ಟಿರಬಹುದು. ಅದರ ಬ್ಯಾಕಪ್ ಇದ್ದರೆ 'ಕ್ರಿಪ್ಟ್‌ಸೆಟಪ್' ಅನ್ನೋ ಸಾಧನದಿಂದ ವಾಪಸ್ ಹಾಕಬಹುದು. ಬ್ಯಾಕಪ್ ತೆಗೆದ ದಿನ ಇದ್ದ ಪಾಸ್‌ವರ್ಡ್ ಬೇಕು. ಫಾರ್ಮ್ಯಾಟ್ ಮಾಡಲೇಬೇಡಿ.

ಯಾವುದೂ ಇಲ್ಲದಿದ್ದರೆ?
ಅರ್ಧಂಬರ್ಧ ನೆನಪಿದ್ದರೆ ಸಾಧ್ಯತೆಗಳನ್ನು ಒಂದೊಂದಾಗಿ ಪ್ರಯತ್ನಿಸಬಹುದು. ಏನೂ ನೆನಪಿಲ್ಲ, ಪಾಸ್‌ವರ್ಡ್ ಗಟ್ಟಿ ಇತ್ತು ಅಂದ್ರೆ ಮಾಹಿತಿ ಹೋದಂತೆಯೇ. ಲಕ್ಸ್‌ಗೆ ಹಿಂಬಾಗಿಲು ಇಲ್ಲ. ಇದು ದೋಷವಲ್ಲ: ಹಿಂಬಾಗಿಲು ಇದ್ದಿದ್ದರೆ ಲ್ಯಾಪ್‌ಟಾಪ್ ಕದ್ದವರೂ ಅದರಲ್ಲೇ ಬರುತ್ತಿದ್ದರು.

ಇವತ್ತೇ ಮಾಡಬೇಕಾದ್ದು
ಎರಡನೇ ಪಾಸ್‌ವರ್ಡ್ ಸೇರಿಸಿ, ಕಾಗದದಲ್ಲಿ ಬರೆದು ನಂಬಿಕಸ್ಥರ ಬಳಿ ಇಡಿ. ಹೆಡರ್ ಬ್ಯಾಕಪ್ ಬೇರೆ ಕಡೆ ಇರಲಿ. ದಾಖಲೆಗಳ ಇನ್ನೊಂದು ಪ್ರತಿಯೂ ಇರಲಿ. ಊರಿನ ದಾಖಲೆಯ ಕೀಲಿ ಒಬ್ಬರ ನೆನಪಿನಲ್ಲಷ್ಟೇ ಇದ್ದರೆ, ಅವರು ಮರೆತ ದಿನ ಊರೇ ಅದನ್ನು ಕಳೆದುಕೊಳ್ಳುತ್ತೆ.